ಎರಡನೆಯ ಬಿಡ್‌ದಾರನಿಗಾಗಿ ತೆಗೆದ ಚಿತ್ರಗಳು

ಅಂತರಜಾಲದ ಮಾರಾಟತಾಣವಾದ ಇ-ಬೇಯ ಹರಾಜಿನಲ್ಲಿ ಗೆದ್ದವನು ತಾನು ಕೊಡಲು ಸಿದ್ಧನಿದ್ದ ಗರಿಷ್ಠ ಮೊತ್ತವನ್ನೇ ಕೊಡಬೇಕಾಗಿಲ್ಲ. ತನ್ನ ಹಿಂದೆ ಉಳಿದವನ ಗರಿಷ್ಠ ಮೊತ್ತಕ್ಕಿಂತ ಒಂದು ಮೆಟ್ಟಿಲಿನಷ್ಟು, ಅಂದರೆ ತಾಣವು ಗೊತ್ತುಮಾಡಿದ ಕನಿಷ್ಠ ಏರಿಕೆಯಷ್ಟು, ಹೆಚ್ಚು ಕೊಟ್ಟರೆ ಸಾಕು. ಒಂದು ಹಳೆಯ ನಾಣ್ಯಕ್ಕೆ ಒಬ್ಬನು 40 ಡಾಲರ್‌ವರೆಗೆ ಹೋಗಲು ಸಿದ್ಧನಿದ್ದು, ಅವನ ಎದುರಾಳಿಯು 22 ಡಾಲರ್‌ಗೆ ನಿಂತುಬಿಟ್ಟರೆ, ಹರಾಜು 22 ಡಾಲರ್ 50 ಸೆಂಟಿಗೆ ಮುಗಿಯುತ್ತದೆ. ಉಳಿದ ಹದಿನೇಳೂವರೆ ಡಾಲರ್ ಮಾರುವವನ ಕೈಗೆ ಬರುವುದೇ ಇಲ್ಲ. ಹರಾಜಿನ ಸರಕಿನ ಜೊತೆ ಹಾಕುವ ಚಿತ್ರಗಳ ಗ್ಯಾಲರಿಯ ಬಗ್ಗೆ ಸಲಹೆ ಕೊಡುವವರು ಸಾಮಾನ್ಯವಾಗಿ ‘ಕಣ್ಸೆಳೆಯುವಂತಿರಲಿ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಆದರೆ ವಸ್ತುವಿನ ಮೇಲೆ ಮೊದಲೇ ಮನಸ್ಸಿಟ್ಟವನು ಮಸುಕಾದ ಚಿತ್ರವನ್ನು ಕಂಡೂ ಬಿಡ್ ಹಾಕುತ್ತಾನೆ. ಬೆಲೆಯನ್ನು ನಿರ್ಧರಿಸುವವನು ಅರೆಮನಸ್ಸಿನ ಎರಡನೆಯವನು, ಮತ್ತು ಗ್ಯಾಲರಿಯ ನಿಜವಾದ ಕೆಲಸವಿರುವುದು ಅವನ ಅನುಮಾನವನ್ನು ಕಳೆಯುವುದರಲ್ಲಿ. ಹಳೆಯ ಮೈಸೂರಿನ ನಾಣ್ಯಗಳ ಹವ್ಯಾಸದಿಂದಾಗಿ ಇಂತಹ ಹರಾಜುಗಳನ್ನು ಬಹುಕಾಲದಿಂದ ಗಮನಿಸುತ್ತಾ ಬಂದಿರುವ ನನಗೆ ಈ ನಂಬಿಕೆ ವರ್ಷದಿಂದ ವರ್ಷಕ್ಕೆ ಬಲವಾಗುತ್ತಿದೆ.

ಇಂದು ಪ್ರತಿ ಸರಕಿನ ಪಕ್ಕದಲ್ಲಿ ಚಿತ್ರವಿರುವುದು ಸಹಜವೆನಿಸುತ್ತದೆ, ಆದರೆ ಅದು ಒಂದು ಕಾಲಕ್ಕೆ ಹಣ ಕೊಟ್ಟು ಪಡೆಯಬೇಕಾಗಿದ್ದ ಸವಲತ್ತು. 1995ರಲ್ಲಿ ಪಿಯರ್ ಒಮಿಡ್ಯಾರ್ ಆರಂಭಿಸಿದ ಈ ತಾಣದ ಆರಂಭದ ವರ್ಷಗಳಲ್ಲಿ ಹುಡುಕಾಟದ ಪಟ್ಟಿಯೆಂದರೆ ಬರಿಯ ಶೀರ್ಷಿಕೆಗಳ ಸಾಲಾಗಿತ್ತು. ಮುಂದೆ ‘ಗ್ಯಾಲರಿ’ ಎಂಬ ಸೌಲಭ್ಯ ಬಂದಾಗ, ಪಟ್ಟಿಯಲ್ಲಿ ಶೀರ್ಷಿಕೆಯ ಪಕ್ಕ ಪುಟ್ಟ ಚಿತ್ರ ಕಾಣಿಸಿಕೊಳ್ಳಬೇಕಾದರೆ ಮಾರಾಟಗಾರನು ಮೊದಮೊದಲು 25 ಸೆಂಟ್, ನಂತರ 35 ಸೆಂಟ್ ತೆರಬೇಕಿತ್ತು. ತೆರದವನ ಸರಕಿನ ಪಕ್ಕದಲ್ಲಿ ಒಳಪುಟದಲ್ಲಿ ಚಿತ್ರವಿದೆಯೆಂದು ತಿಳಿಸುವ ಹಸಿರು ಬಣ್ಣದ ಸಣ್ಣ ಕ್ಯಾಮೆರಾ ಗುರುತು ಮಾತ್ರ ಇರುತ್ತಿತ್ತು. ಒಳಪುಟದಲ್ಲಿಯೂ ಮೊದಲ ಚಿತ್ರ ಉಚಿತ, ಹೆಚ್ಚುವರಿ ಚಿತ್ರವೊಂದಕ್ಕೆ 15 ಸೆಂಟ್. ಐದು ಡಾಲರಿಗೆ ಹೋಗಬಹುದಾದ ಅಂಚೆಚೀಟಿಗೆ ನಾಲ್ಕು ಚಿತ್ರ ಹಾಕುವ ಮೊದಲು ಎರಡು ಬಾರಿ ಯೋಚಿಸಬೇಕಾಗಿದ್ದ ಕಾಲವದು. ಗ್ಯಾಲರಿ ಚಿತ್ರವು 2008ರಲ್ಲಿ ಉಚಿತವಾಯಿತು. 2013ರ ಹೊತ್ತಿಗೆ ಕನಿಷ್ಠ ಒಂದು ಚಿತ್ರ ಕಡ್ಡಾಯವಾಗಿ, ಅದರ ಉದ್ದನೆಯ ಬದಿ 500 ಪಿಕ್ಸೆಲ್‌ಗಳಿಗಿಂತ ಕಡಿಮೆಯಿರಬಾರದು, ಚಿತ್ರದ ಮೇಲೆ ಜಾಹೀರಾತಿನ ಬರಹವಾಗಲಿ ಬಣ್ಣದ ಚೌಕಟ್ಟಾಗಲಿ ಇರಬಾರದು ಎಂಬ ನಿಯಮ ಬಂತು. ‘ಅಪರೂಪ! ನೋಡಿ!’ ಎಂದು ಕೆಂಪಕ್ಷರದಲ್ಲಿ ಕೂಗುತ್ತಿದ್ದ ಚಿತ್ರಗಳು ಪಟ್ಟಿಯಿಂದ ಮರೆಯಾದದ್ದು ನನ್ನ ಮಟ್ಟಿಗೆ ದೊಡ್ಡ ಉಪಕಾರ. ಎಲ್ಲರ ಬಳಿಯೂ ಚಿತ್ರವಿರುವಾಗ ಚಿತ್ರವಿರುವುದರಿಂದಲೇ ಯಾರಿಗೂ ಮೇಲುಗೈಯಿಲ್ಲ. ಯಾವ ಚಿತ್ರ, ಯಾವ ಕ್ರಮದಲ್ಲಿ, ಏನನ್ನು ತೋರಿಸುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ ಉಳಿದಿದೆ.

ಟಿಪ್ಪು ಸುಲ್ತಾನನ ತಾಮ್ರದ ಪೈಸೆಯನ್ನೇ ನೋಡೋಣ. ಸುಮಾರು 11 ಗ್ರಾಂ ತೂಗುವ ಈ ನಾಣ್ಯವು ಬ್ರಿಟನ್ನಿನ ಮಾರಾಟಗಾರರ ಪಟ್ಟಿಗಳಲ್ಲಿ ಆಗಾಗ ಕಾಣಸಿಗುತ್ತದೆ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಬರಹ. ಪುಟ್ಟ ಚಿತ್ರವಾಗಿ ಆನೆಯ ಮುಖವನ್ನು ಹಾಕಬೇಕೆಂಬುದರಲ್ಲಿ ಯಾವ ವಾದವೂ ಇಲ್ಲ, ಏಕೆಂದರೆ ಬೆರಳಗಲದ ಚೌಕದಲ್ಲಿಯೂ ಆನೆ ಆನೆಯಾಗಿಯೇ ಕಾಣುತ್ತದೆ. ಆದರೆ ಆನೆಯನ್ನು ಕಂಡು ಒಳಗೆ ಬಂದ ಸಂಗ್ರಾಹಕನ ಕಣ್ಣು ಆನೆಯ ಮೇಲೆ ನಿಲ್ಲುವುದಿಲ್ಲ. ಆನೆ ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ, ಟಂಕಸಾಲೆ ‘ಪಟ್ಟಣ’ವೋ (ಶ್ರೀರಂಗಪಟ್ಟಣ) ‘ನಗರ’ವೋ (ಬಿದನೂರು) ಅಥವಾ ಇನ್ನೂ ವಿರಳವಾದ ಬೇರೊಂದೋ, ಇಸವಿಯ ಅಂಕಿಗಳು ಪೂರ್ತಿಯಾಗಿವೆಯೋ ಎಂಬುದನ್ನು ಅವನು ಹುಡುಕುತ್ತಾನೆ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಎಂಬ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಮತ್ತು ಹಲವು ನಾಣ್ಯಗಳಲ್ಲಿ ಅವು ಆನೆಯ ಬೆನ್ನಿನ ಮೇಲ್ಭಾಗದಲ್ಲಿ, ನಾಣ್ಯದ ಅಂಚಿಗೆ ಒತ್ತಿಕೊಂಡಂತೆ ಇರುತ್ತವೆ. ಅಚ್ಚಿಗಿಂತ ತಾಮ್ರದ ಬಿಲ್ಲೆ ಚಿಕ್ಕದಾಗಿದ್ದರೆ ಅಂಕಿಗಳ ತಲೆಯೋ ಟಂಕಸಾಲೆಯ ಹೆಸರಿನ ಅರ್ಧವೋ ಹೊರಗೇ ಉಳಿದುಹೋಗಿರುತ್ತದೆ. ಇಂತಹ ನಾಣ್ಯಕ್ಕೆ ಮೂರನೆಯ ಚಿತ್ರವೇ ಮುಖ್ಯ: ಆ ಮೇಲಂಚನ್ನು ಮಾತ್ರ ಹತ್ತಿರದಿಂದ ತೋರಿಸುವ, ಅಂಕಿಗಳು ಎಲ್ಲಿಯವರೆಗೆ ಉಳಿದಿವೆಯೆಂಬುದನ್ನು ಮುಚ್ಚಿಡದೆ ಹೇಳುವ ಚಿತ್ರ. ಅದಿಲ್ಲದಿದ್ದರೆ ಎರಡನೆಯ ಬಿಡ್‌ದಾರನು ನಾಣ್ಯವನ್ನು ಸಾಮಾನ್ಯ ಬಗೆಯದೆಂದೇ ಎಣಿಸಿ, ಸಾಮಾನ್ಯ ಬೆಲೆಗೇ ನಿಂತುಬಿಡುತ್ತಾನೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಇರುವ ಬಗೆಯುಂಟು. ‘ಮಯಿಲಿ ಕಾಸು’ ಎಂಬ ಬರಹವನ್ನು ಕನ್ನಡ ಬಲ್ಲವರು ಸವೆದ ನಾಣ್ಯದಲ್ಲಿಯೂ ಗುರುತಿಸಬಲ್ಲರು. ಹೊರದೇಶದ ಮಾರಾಟಗಾರರು ಕನ್ನಡದ ಮುಖವನ್ನು ತಲೆಕೆಳಗಾಗಿ ಹಾಕಿರುವುದನ್ನು ಕಂಡಾಗ ನಗು ಬರುತ್ತದೆ, ಜೊತೆಗೆ ಸ್ವಲ್ಪ ಆಸೆಯೂ ಆಗುತ್ತದೆ. ಚಿತ್ರವನ್ನು ನೆಟ್ಟಗೆ ತಿರುಗಿಸಲು ತಿಳಿಯದವನು ಶೀರ್ಷಿಕೆಯಲ್ಲಿಯೂ ಸರಿಯಾದ ಹೆಸರು ಬರೆದಿರುವುದಿಲ್ಲ, ಹಾಗಾಗಿ ಅಲ್ಲಿ ಪೈಪೋಟಿ ಕಡಿಮೆ. ಕೊಳ್ಳುವವನಿಗೆ ಲಾಭವಾದ ಇಂತಹ ಪ್ರತಿಯೊಂದು ಸಂದರ್ಭವೂ ಮಾರುವವನಿಗೆ ಆದ ನಷ್ಟವೇ.

ತಾಮ್ರದ ನಾಣ್ಯವನ್ನು ಹೊಳೆಯುವಂತೆ ತೋರಿಸುವ ಚಪಲವೊಂದಿದೆ. ಕಾಲಾಂತರದಲ್ಲಿ ತಾಮ್ರದ ಮೇಲೆ ಕೂಡಿಬಂದ ಕಂದು ಪದರವನ್ನು ಸಂಗ್ರಾಹಕರು ಬೆಲೆಬಾಳುವ ಗುಣವೆಂದು ಎಣಿಸುತ್ತಾರೆ. ಉಜ್ಜಿ ತೊಳೆದ ನಾಣ್ಯಕ್ಕೆ ಬೆಲೆ ಇಳಿಯುತ್ತದೆ. ಮೊಬೈಲಿನ ಫ್ಲ್ಯಾಷ್ ಬಳಸಿ ತೆಗೆದರೆ ಉಜ್ಜದ ನಾಣ್ಯವೂ ಉಜ್ಜಿದಂತೆ ಕಾಣುತ್ತದೆ, ಅಂದರೆ ಮಾರಾಟಗಾರನು ತನ್ನ ಸರಕಿಗೆ ಇಲ್ಲದ ದೋಷವನ್ನು ತಾನೇ ಅಂಟಿಸಿದಂತಾಗುತ್ತದೆ. ಒಂದು ದೀಪವನ್ನು ಮೇಲ್ಬದಿಯ ಒಂದು ಮೂಲೆಯಿಂದ ಓರೆಯಾಗಿ ಬೀಳಿಸಿ, ಎದುರುಬದಿಯಲ್ಲಿ ಬಿಳಿ ಹಾಳೆಯೊಂದನ್ನು ನಿಲ್ಲಿಸಿದರೆ ಉಬ್ಬಿದ ಅಕ್ಷರಗಳ ನೆರಳು ಮೆತ್ತಗೆ ಬಿದ್ದು ಬರಹ ಓದುವಂತಾಗುತ್ತದೆ. ಹಿನ್ನೆಲೆಗೆ ನಾನು ಬೂದು ಬಣ್ಣದ ಹಾಳೆಯನ್ನು ಮೆಚ್ಚುತ್ತೇನೆ. ಅಚ್ಚ ಬಿಳಿಯ ಮೇಲೆ ತಾಮ್ರ ಕಪ್ಪಾಗಿ ಕಾಣುತ್ತದೆ, ಕೆಂಪು ಮಖಮಲ್ಲಿನ ಮೇಲೆ ಅದರ ಬಣ್ಣವೇ ನಂಬಲಾರದಂತಾಗುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿಯೊಂದಿರಲಿ, ಆದರೆ ಅದು ಮೊದಲ ಚಿತ್ರದಲ್ಲಿ ಬೇಡ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಹರಾಜು ಎಲೆಕ್ಟ್ರಾನಿಕ್ ರೂಪದಲ್ಲಿಯೇ ನಡೆಯುತ್ತದೆ, ಆದರೆ ಅಲ್ಲಿ ಗೂಡಿನ ರಾಶಿ ಕಣ್ಣೆದುರಿಗೇ ಇರುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಅದನ್ನು ಕೈಗೆತ್ತಿಕೊಂಡು ನೋಡಿದ ಮೇಲೆಯೇ ಬೆಲೆ ಒತ್ತುತ್ತಾನೆ. ಸರಕು ಸಾಗರದಾಚೆ ಇರುವಾಗ ಆ ಕೈಯ ಕೆಲಸವನ್ನು ಚಿತ್ರವೇ ಮಾಡಬೇಕು. ಇದನ್ನು ಅಂಕಿಅಂಶಗಳಿಂದ ಪರೀಕ್ಷಿಸಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಗ್ರೆಗರಿ ಲೂಯಿಸ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಇ-ಬೇಯಲ್ಲಿ ಹರಾಜಾದ ಹಳೆಯ ಕಾರುಗಳನ್ನು ಕುರಿತದ್ದು. ಮಾರಾಟಗಾರನು ಚಿತ್ರಗಳ ಮೂಲಕ ಮತ್ತು ಬರಹದ ಮೂಲಕ ಬಿಟ್ಟುಕೊಟ್ಟ ಮಾಹಿತಿಯು ಬೆಲೆಯ ಮೇಲೆ ಬಲವಾದ ಪ್ರಭಾವ ಬೀರುತ್ತದೆಂದೂ, ಚಿತ್ರ ಹಾಕುವ ವೆಚ್ಚ ಮತ್ತು ಶ್ರಮ ಕಡಿಮೆಯಾದಷ್ಟೂ ಮಾರಾಟಗಾರರು ಹೆಚ್ಚು ಮಾಹಿತಿ ಕೊಡುತ್ತಾರೆಂದೂ ಅದು ತೋರಿಸಿತು. ಕಾರಿನ ಗೀರುಬಿದ್ದ ಬಾಗಿಲಿನ ಚಿತ್ರ ಮಾಡುವ ಕೆಲಸವನ್ನೇ ನಾಣ್ಯದ ಸವೆದ ಅಂಚಿನ ಚಿತ್ರವೂ ಮಾಡುತ್ತದೆಂದು ನನ್ನ ಊಹೆ. ದೋಷವನ್ನು ಕಂಡವನು ಅದರ ಬೆಲೆಯಷ್ಟನ್ನು ಮಾತ್ರ ಕಳೆಯುತ್ತಾನೆ. ಕಾಣದವನು ಇರಬಹುದಾದ ಎಲ್ಲ ದೋಷಗಳನ್ನೂ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಕಳೆಯುತ್ತಾನೆ.

ಗ್ಯಾಲರಿಯೆಂಬುದಕ್ಕೆ ಇನ್ನೊಂದು ಬಳಕೆಯೂ ಇದೆ: ಒಂದು ಸರಕಿನ ಪುಟದಲ್ಲಿ ಅದೇ ಮಾರಾಟಗಾರನ ಉಳಿದ ಸರಕುಗಳ ಚಿತ್ರಗಳನ್ನು ಸಾಲಾಗಿ ತೋರಿಸುವುದು. ಆಕ್ಟಿವಾದಂತಹ ಹೊರಗಿನ ಸೇವೆಗಳು ಒಂದು ಕಾಲದಲ್ಲಿ ಇದಕ್ಕಾಗಿ ಬದಿಗೆ ಸರಿಯುತ್ತ ಹೋಗುವ ಚಿತ್ರಪಟ್ಟಿಗಳನ್ನು ಒದಗಿಸುತ್ತಿದ್ದವು, ಸಾವಿರಾರು ಮಾರಾಟಗಾರರ ಪುಟಗಳ ತಳದಲ್ಲಿ ಅವು ಹರಿದಾಡುತ್ತಿದ್ದವು. 2017ರಲ್ಲಿ ಇ-ಬೇ ತನ್ನ ಪುಟಗಳಲ್ಲಿ ಜಾವಾಸ್ಕ್ರಿಪ್ಟ್, ಅಡೋಬಿ ಫ್ಲ್ಯಾಷ್‌ನಂತಹ ತಂತ್ರಗಳಿಂದ ಚಲಿಸುವ ಅಂಶಗಳನ್ನು ನಿಷೇಧಿಸಿದ ಮೇಲೆ ಅವುಗಳ ಕಾಲ ಮುಗಿಯಿತು. ಅದೇ ವರ್ಷ, ಚಿತ್ರಗಳನ್ನು ಅಂತರಜಾಲದಲ್ಲಿ ಇರಿಸಿಕೊಡುವ ಫೋಟೊಬಕೆಟ್ ಸಂಸ್ಥೆಯು ಬೇರೆ ತಾಣಗಳಲ್ಲಿ ಚಿತ್ರ ತೋರಿಸುವ ಸೌಲಭ್ಯಕ್ಕೆ ವರ್ಷಕ್ಕೆ 399 ಡಾಲರ್ 99 ಸೆಂಟ್ ಕೇಳಿತು. ತೆರದವರ ಹರಾಜುಪುಟಗಳಲ್ಲಿ ಸರಕಿನ ಚಿತ್ರವಿರಬೇಕಾದ ಜಾಗದಲ್ಲಿ ಸಂಸ್ಥೆಯ ಸೂಚನಾಚಿತ್ರ ಕುಳಿತುಕೊಂಡಿತು. ಮೂಲಚಿತ್ರಗಳನ್ನು ತಮ್ಮಲ್ಲಿಯೇ ಇರಿಸಿಕೊಂಡಿದ್ದವರು ಅವನ್ನು ನೇರವಾಗಿ ಹರಾಜುತಾಣಕ್ಕೇ ಏರಿಸಿ ಹೇಗೋ ಪಾರಾದರು.

ಸರಿಯುವ ಪಟ್ಟಿಯಿಲ್ಲದಿದ್ದರೂ ಅದರ ಹಿಂದಿನ ಯೋಚನೆ ಈಗಲೂ ನಡೆಯುತ್ತದೆ. ಒಂದೇ ಸಂಗ್ರಹದ ಹಲವು ನಾಣ್ಯಗಳನ್ನು ಮಾರುವವರು ಎಲ್ಲವನ್ನೂ ಒಟ್ಟಿಗಿಟ್ಟು ತೆಗೆದ ಚಿತ್ರವೊಂದನ್ನು ಪ್ರತಿ ಹರಾಜಿನ ಕೊನೆಯ ಚಿತ್ರವಾಗಿ ಹಾಕಿ, ಇವು ಪ್ರತ್ಯೇಕವಾಗಿ ಹರಾಜಾಗುವ ಲಾಟುಗಳೆಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದು, ಹರಾಜುಗಳು ಕೆಲವೇ ನಿಮಿಷಗಳ ಅಂತರದಲ್ಲಿ ಮುಗಿಯುವಂತೆ ಏರ್ಪಡಿಸಬಹುದು. ಮೊದಲನೆಯದನ್ನು ಕಳೆದುಕೊಂಡ ಆ ಎರಡನೆಯ ಬಿಡ್‌ದಾರನ ಕೈಯಲ್ಲಿ ಇನ್ನೂ ಹಣವಿರುತ್ತದೆ, ಸೋತ ಬಿಸಿಯೂ ಇರುತ್ತದೆ. ಮುಂದಿನ ಲಾಟು ಅವನಿಗೆ ಆಗಲೇ ಪರಿಚಿತವಾಗಿದ್ದರೆ ಅವನು ಅಲ್ಲಿಗೆ ಬಂದೇ ಬರುತ್ತಾನೆ. ಅಂಚೆವೆಚ್ಚವನ್ನು ಒಟ್ಟುಗೂಡಿಸಿ ಕಡಿಮೆ ಮಾಡುವುದಾಗಿ ಹೇಳಿದರೆ ಇನ್ನೂ ಒಳ್ಳೆಯದು. ಆದರೆ ಗುಂಪುಚಿತ್ರವನ್ನೇ ಮೊದಲ ಚಿತ್ರವಾಗಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹತ್ತು ನಾಣ್ಯ ಕಂಡು ಒಳಗೆ ಬಂದವನಿಗೆ ಒಂದೇ ಎಂದು ತಿಳಿದರೆ ಅವನು ಮೋಸವೆಂದೇ ತಿಳಿಯುತ್ತಾನೆ.

ನಮ್ಮಲ್ಲಿಂದ ಮಾರುವವರಿಗೆ ಒಂದು ಮಿತಿ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯ ಪುರಾವಸ್ತುವಾಗುವುದರಿಂದ ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಟಿಪ್ಪುವಿನ ಪೈಸೆಯಾಗಲಿ ಮಯಿಲಿ ಕಾಸಾಗಲಿ ಇಲ್ಲಿಂದ ಲಂಡನ್ನಿಗೆ ಹೋಗಬಾರದು. ಬಾಝೀ ಡಾಟ್ ಕಾಮ್ ಎಂಬ ಇಲ್ಲಿನ ಹರಾಜುತಾಣವನ್ನು 2004ರಲ್ಲಿ ಕೊಂಡು ಇ-ಬೇ ನಡೆಸುತ್ತಿದ್ದ ಭಾರತದ ತಾಣವೂ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಹಾಗಾಗಿ ನಮ್ಮ ಹವ್ಯಾಸಿಗಳು ಈಗ ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್ ಗುಂಪುಗಳಲ್ಲಿ ಹರಾಜು ಕೂಗುವುದನ್ನು ನೋಡುತ್ತೇನೆ. ಅಲ್ಲಿ ಚಿತ್ರವು ಕಳುಹಿಸುವಾಗಲೇ ಕುಗ್ಗಿ, ಇಸವಿಯ ಅಂಕಿಗಳು ಮಸುಕಾಗಿಬಿಡುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಅದು ಕುಗ್ಗದೆ ತಲುಪುತ್ತದೆ. ಅಷ್ಟೂ ಆಗದಿದ್ದಲ್ಲಿ ಅಂಕಿಗಳಿರುವ ಭಾಗವನ್ನು ಮಾತ್ರ ಕತ್ತರಿಸಿ ಬೇರೊಂದು ಚಿತ್ರವಾಗಿ ಕಳುಹಿಸಬಹುದು.