ಫೋನನ್ನು ಕನ್ನಡದಲ್ಲಿ ಯಾಕೆ ಇಟ್ಟಿದ್ದೀರಿ?

ನನ್ನ ಫೋನ್ ಕೈಗೆತ್ತಿಕೊಂಡವರೆಲ್ಲ ಕೇಳುವ ಪ್ರಶ್ನೆ ಇದು. ಬೆಂಗಳೂರಿನಲ್ಲಿರುವ ಅಣ್ಣನ ಮಗ, "ಇಂಗ್ಲಿಷ್ ಬತ್ತಲ್ಲದಾ ಅಪ್ಪಚ್ಚಿ, ಮತ್ತೆಂತಕೆ ಈ ಬಂಙ?" ಎನ್ನುತ್ತಾನೆ. ಬಂಙ ಅಂದರೆ ಕಷ್ಟ. ಇಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಗೆಳೆಯರು, "ಮಲಯಾಳ ಓದ್ಲಿಕ್ಕೆ ಗೊತ್ತುಂಟಲ್ಲ ಭಟ್ರೆ, ಅದನ್ನೇ ಹಾಕಿ" ಎನ್ನುತ್ತಾರೆ. ಇಬ್ಬರು ಹೇಳುವುದೂ ಸರಿಯೇ. ಬಸ್ಸಿನ ಮಲಯಾಳ ಬೋರ್ಡ್ ಓದಿಕೊಂಡೇ ನಾನು ದೊಡ್ಡವನಾದದ್ದು.

ಹೊಸ ಫೋನ್ ತಂದ ದಿನ ಅದರಲ್ಲಿ ಬಂದ ವಿಡಿಯೊ, ಸುದ್ದಿ, ಜಾಹೀರಾತು ಎಲ್ಲ ಮಲಯಾಳದ್ದೇ. ನನ್ನ ಭಾಷೆ ಯಾವುದೆಂದು ಯಾರೂ ಕೇಳಿರಲಿಲ್ಲ. ನಾನು ಎಲ್ಲಿದ್ದೇನೆ ಎಂಬುದಷ್ಟೇ ಅದಕ್ಕೆ ಗೊತ್ತಿತ್ತು. ನಾಲ್ಕು ಉಪಗ್ರಹಗಳ ಸಿಗ್ನಲ್ ಸಿಕ್ಕಿದರೆ ಸಾಕು, ಅಡಿಕೆ ತೋಟದಲ್ಲಿ ನಾನು ನಿಂತ ಜಾಗವನ್ನು ಕೆಲವೇ ಮೀಟರ್ ಹೆಚ್ಚುಕಡಿಮೆಯಲ್ಲಿ ಅದು ಹೇಳಿಬಿಡುತ್ತದೆ. ಅಬ್ಬಾ ಅನಿಸುವ ವಿದ್ಯೆ. ಆದರೆ ಜಾಗದಿಂದ ಭಾಷೆಯನ್ನು ಊಹಿಸುವಾಗ ಅದು ನಂಬುವುದು 1956ರ ಗೆರೆಯನ್ನು.

ಆ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಹೇಳಿತು. ಜಾರಿಗೆ ಬರಲಿಲ್ಲ. ಇನ್ನು ಬರುತ್ತದೆಂದು ನಾನಂತೂ ಕಾದು ಕೂತಿಲ್ಲ. (ಹೀಗೆ ಹೇಳಿದ್ದಕ್ಕೆ ಊರಿನ ಇಬ್ಬರು ಹಿರಿಯರು ಸ್ವಲ್ಪ ಸಮಯ ನನ್ನ ಹತ್ತಿರ ಮಾತು ಬಿಟ್ಟಿದ್ದರು.) ರಾಜ್ಯ ಅಂದ ಮೇಲೆ ಗೆರೆ ಎಲ್ಲಾದರೂ ಒಂದು ಕಡೆ ಬೀಳಲೇಬೇಕು. ಅದು ನನ್ನ ಕಿಸೆಯೊಳಗಿನ ಫೋನಿಗೂ ಯಾಕೆ ಬರಬೇಕು?

ನನ್ನ ಒಂದು ದಿನ ನೋಡಿ. ಮನೆಯಲ್ಲಿ ಹವ್ಯಕ ಕನ್ನಡ. ಅಡಿಕೆ ಕೊಯ್ಯಲು ಬರುವವರ ಹತ್ತಿರ ತುಳು. ಬಸ್ಸಿನಲ್ಲಿ ಮಲಯಾಳ. ಮಕ್ಕಳ ಶಾಲೆಗೆ ಹೋದರೆ ಪುಸ್ತಕದ ಕನ್ನಡ. ಇದನ್ನೆಲ್ಲ ಉಪಗ್ರಹ ಹೇಗೆ ಹೇಳೀತು?

ಕನ್ನಡಕ್ಕೆ ಹಾಕಿದ ಕೂಡಲೇ ಎಲ್ಲ ಸರಿಯಾಯಿತು ಅಂತಲ್ಲ. ಅಮ್ಮನಿಗೆ ಟೈಪ್ ಮಾಡಲು ಬಾರದು, ಮೈಕ್ ಒತ್ತಿ ಮಾತಾಡುತ್ತಾರೆ. ನಮ್ಮ ಹವ್ಯಕದಲ್ಲಿ 'ಅಪ್ಪು' ಅಂದರೆ 'ಹೌದು'. ಒಮ್ಮೆ ಮೈಕ್ ಒತ್ತಿದ್ದು ಮರೆತು, ಪಕ್ಕದಲ್ಲಿ ಕೂತ ನನಗೆ "ಅಪ್ಪು, ಅಪ್ಪು" ಎಂದರು. ಫೋನಿನಲ್ಲಿ ಸಾಲಾಗಿ ಪುನೀತ್ ರಾಜ್‌ಕುಮಾರ್ ಫೋಟೊಗಳು ಬಂದವು. "ಪಾಪದ ಮಾಣಿ" ಎನ್ನುತ್ತಾ ಅಮ್ಮ ಅರ್ಧ ಗಂಟೆ ಅದನ್ನೇ ನೋಡಿದರು.

ಮತ್ತೂ ಯಾಕೆ ಇಟ್ಟುಕೊಂಡೆ ಅಂದರೆ, ಲೆಕ್ಕಕ್ಕಾಗಿ. ಜನಗಣತಿಯವರು ಮನೆಗೆ ಬಂದರೆ ಮಾತೃಭಾಷೆ ಯಾವುದೆಂದು ಕೇಳಿ ಬರೆದುಕೊಳ್ಳುತ್ತಾರೆ. ಫೋನಿನ ಭಾಷೆಯೂ ಹಾಗೆಯೇ. ನಾವು ಪುಟ ತೆರೆಯುವಾಗಲೆಲ್ಲ 'ಇವರಿಗೆ ಮೊದಲು ಈ ಭಾಷೆ ಬೇಕು' ಎಂದು ಬ್ರೌಸರ್ ಆಚೆ ಬದಿಯ ಜಾಲತಾಣಕ್ಕೆ ತಿಳಿಸುತ್ತದೆ. ನಾವೆಲ್ಲ ಇಂಗ್ಲಿಷ್ ಇಟ್ಟುಕೊಂಡರೆ ಕಾಸರಗೋಡಿನಲ್ಲಿ ಕನ್ನಡ ಕೇಳುವವರೇ ಇಲ್ಲ ಎಂದಾಗುತ್ತದೆ. ಆಮೇಲೆ ಮಂಜೇಶ್ವರ 'ಮಂಜೇಶ್ವರಂ' ಆಯಿತು, ಕುಂಬಳೆ 'ಕುಂಬಳ' ಆಯಿತು ಎಂದು ಕಟ್ಟೆಯಲ್ಲಿ ಕೂತು ಗೊಣಗಿದರೆ ಯಾರು ಕೇಳುತ್ತಾರೆ? ಬ್ಯಾಂಕಿನ ಕೆಲಸ ಮಾತ್ರ ನಾನೂ ಇಂಗ್ಲಿಷಿನಲ್ಲೇ ಮಾಡುವುದು. ದುಡ್ಡಿನ ವಿಷಯದಲ್ಲಿ ಅಭಿಮಾನ ಬೇಡ.

ಮಲಯಾಳದ ಮೇಲೆ ಸಿಟ್ಟಾ ಎಂದು ಕೆಲವರು ಕೇಳುತ್ತಾರೆ. ಎಂತ ಸಿಟ್ಟು ಮಾರಾಯ್ರೆ? ಕಂಪ್ಯೂಟರಿನಲ್ಲಿ ಲೋಕದ ಲಿಪಿಗಳಿಗೆ ಜಾಗ ಕೊಡುವ ಯೂನಿಕೋಡ್ ಪಟ್ಟಿ ಉಂಟಲ್ಲ, ಅದರಲ್ಲಿ ತೆಲುಗು, ಕನ್ನಡ, ಮಲಯಾಳ ಇದೇ ಸಾಲಿನಲ್ಲಿ ಕೂತಿವೆ. ಒಂದೊಂದಕ್ಕೆ 128 ಜಾಗ. ಕನ್ನಡ ಮುಗಿದಲ್ಲಿಂದಲೇ ಮಲಯಾಳ ಶುರು. ನಡುವೆ ಗಡಿಯ ತಲಪಾಡಿ ಚೆಕ್‌ಪೋಸ್ಟ್ ಇಲ್ಲ. ಪಾಪ, ತುಳು ಲಿಪಿಗೆ ಜಾಗ ಸಿಕ್ಕಿದ್ದು 2024ರಲ್ಲಿ, ಅದೂ ದೂರದ ಬೇರೆ ಕೇರಿಯಲ್ಲಿ.

ಕಳೆದ ಮಳೆಗಾಲದಲ್ಲಿ ಫೋನ್ ಕೆಟ್ಟಿತು. ಕಾಸರಗೋಡಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ದಕ್ಷಿಣ ಕೇರಳದಿಂದ ಬಂದ ಹುಡುಗ ಪರದೆ ನೋಡಿ, ಇದು ತೆಲುಗಾ ಎಂದು ಕೇಳಿದ. ಕನ್ನಡ ಎಂದೆ. ಮಂಗಳೂರಿನವರಾ ಎಂದ. ಅಲ್ಲ, ಇಲ್ಲೇ ಬದಿಯಡ್ಕ ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಕೆಲಸಕ್ಕೆ ಸುಲಭವಾಗಲೆಂದು ಭಾಷೆಯನ್ನು ಮಲಯಾಳಕ್ಕೆ ಬದಲಾಯಿಸಿಕೊಂಡ. ರಿಪೇರಿ ಚೆನ್ನಾಗಿಯೇ ಮಾಡಿದ. ತಿರುಗಿ ಕನ್ನಡಕ್ಕೆ ತರಲು ಮರೆತ.

ನನಗೆ ಗೊತ್ತಾದದ್ದು ಬಸ್ ಹತ್ತಿದ ಮೇಲೆ. ಮಲಯಾಳದ ಮೆನುವನ್ನು ಒಂದೊಂದೇ ಓದುತ್ತಾ 'ಭಾಷ' ಎಂದಿರುವ ಜಾಗ ಹುಡುಕಿದೆ. ಚೆರ್ಕಳ ದಾಟುವಾಗ ಕನ್ನಡ ವಾಪಸ್ ಬಂತು. ಮಲಯಾಳ ಓದಲು ಬಾರದಿದ್ದರೆ ಪುನಃ ಅವನ ಅಂಗಡಿಗೇ ಹೋಗಬೇಕಿತ್ತು.