ಬಾಬಾ ಸೆಹಗಲ್ ಕಡತ: ಕ್ಯಾಸೆಟ್ ಮುಗಿದವು, ಈಗ ವಿಎಚ್‌ಎಸ್ ಸರದಿ

ಪಾಪ್ ಗಾಯಕ, ರ‍್ಯಾಪರ್ ಬಾಬಾ ಸೆಹಗಲ್ ಟಿವಿಯ ಮುಖವಾದ ದಾರಿಯನ್ನು ಕಲಬುರಗಿಯ ಮನೆಗಳಲ್ಲಿ ಉಳಿದ ಟೇಪುಗಳಿಂದಲೇ ಜೋಡಿಸುವ ಕೆಲಸ ಇದು. ಬೆನ್ನೆಲುಬು ಗೊತ್ತಿರುವುದೇ: ಲಖನೌದ ಹುಡುಗ, ಪಂತನಗರದಲ್ಲಿ ಎಂಜಿನಿಯರಿಂಗ್, 1992ರಲ್ಲಿ ಸಂಗೀತ ಕಂಪನಿ ಮ್ಯಾಗ್ನಾಸೌಂಡ್‌ನಿಂದ ‘ಠಂಡಾ ಠಂಡಾ ಪಾನಿ’ ಆಲ್ಬಮ್, ಆಮೇಲೆ ದೂರದರ್ಶನದ ಮೆಟ್ರೊ ವಾಹಿನಿಯಲ್ಲಿ ‘ಸೂಪರ್‌ಹಿಟ್ ಮುಕಾಬಲಾ’ ಎಂಬ ಸಿನಿಮಾ ಹಾಡುಗಳ ಕಾರ್ಯಕ್ರಮದ ನಿರೂಪಣೆ, 2006ರಲ್ಲಿ ಸೋನಿಯಲ್ಲಿ ಶುರುವಾದ ಬಿಗ್ ಬಾಸ್‌ನ ಮೊದಲ ಸೀಸನ್. ನಡುವೆ ತೆಲುಗು ಹಾಡುಗಳು (2008ರ ‘ಜಲ್ಸಾ’, 2012ರ ‘ಗಬ್ಬರ್ ಸಿಂಗ್’), ಕೊನೆಗೆ ಯೂಟ್ಯೂಬ್‌ನ ತಮಾಷೆ ರ‍್ಯಾಪ್. ಇವುಗಳಲ್ಲಿ ಹಾಡು ಎಲ್ಲಿ ಹುಡುಕಿದರೂ ಸಿಗುತ್ತದೆ. ನಿರೂಪಣೆ ಸಿಗುವುದಿಲ್ಲ. ಹಾಗಾಗಿ ಕ್ಯಾಸೆಟ್ ಕೆಲಸ ಅಭ್ಯಾಸಕ್ಕೆ, ಅಸಲಿ ಕೆಲಸ ವಿಎಚ್‌ಎಸ್ ವಿಡಿಯೊ ಟೇಪಿನಲ್ಲಿ.

ಕ್ಯಾಸೆಟ್

ಕ್ಯಾಸೆಟ್ ಡೆಕ್ (ಪ್ಲೇಯರ್) ತೆರೆದಾಗ ಬೆಲ್ಟ್ ಕರಗಿ ಡಾಂಬರಿನಂತೆ ಪುಲ್ಲಿಗೆ ಅಂಟಿತ್ತು. 40 ಡಿಗ್ರಿ ದಾಟುವ ಬ್ಯಾಸಿಗಿ, ಮೇಲೆ ಫರ್ಶಿ ಕಲ್ಲಿನ ಮಾಳಿಗೆ. ಹಳೆಯ ರಬ್ಬರ್ ಉಳಿಯುವುದಿಲ್ಲ. ಈ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಪೂರ್ತಿ ತೆಗೆದ ಮೇಲೆಯೇ ಹೊಸ ಬೆಲ್ಟ್ ಹಾಕಬೇಕು, ಚೂರು ಉಳಿದರೂ ದನಿ ಅಲೆಯುತ್ತದೆ. ಟೇಪನ್ನು ಓದುವ ಹೆಡ್ ಮತ್ತು ಅದನ್ನು ಎಳೆಯುವ ಕ್ಯಾಪ್‌ಸ್ಟನ್‌ಗೂ ಅದೇ ಆಲ್ಕೊಹಾಲ್. ಟೇಪನ್ನು ಅದಕ್ಕೆ ಒತ್ತುವ ರಬ್ಬರಿನ ಪಿಂಚ್ ರೋಲರ್‌ಗೆ ಮಾತ್ರ ಸೋಪಿನ ನೀರು ಸಾಕು, ಆಲ್ಕೊಹಾಲ್ ಪದೇ ಪದೇ ತಾಗಿದರೆ ರಬ್ಬರ್ ಬಿರುಕು ಬಿಡುತ್ತದೆ.

ಟೇಪಿನ ವೇಗ ಸೆಕೆಂಡಿಗೆ 4.76 ಸೆಂ.ಮೀ. ಇರಬೇಕು. 3,000 ಹರ್ಟ್ಸ್‌ನ ಟೆಸ್ಟ್ ಟೇಪ್ ಹಾಕಿ, ಮೋಟರಿನ ಹಿಂಬದಿಯ ತೂತಿನೊಳಗಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಸರಿಮಾಡಿದ್ದಾಯಿತು. ರ‍್ಯಾಪ್‌ಗೆ ಇದು ಮುಖ್ಯ ನೋಡ್ರಿ. ವೇಗ ಶೇ 3ರಷ್ಟು ಹೆಚ್ಚಾದರೂ ಆತ ಬೇರೆ ಮನುಷ್ಯನಂತೆ ಕೇಳಿಸುತ್ತಾನೆ.

ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಲ್ಲುವ ಕೋನ, ಪ್ರತಿ ಕ್ಯಾಸೆಟ್‌ಗೂ ಬೇರೆ. ಕಂಪನಿ ಕ್ಯಾಸೆಟ್ ಒಂದು ಕೋನದಲ್ಲಿ, ಅಂಗಡಿಯಲ್ಲಿ ಪಟ್ಟಿ ಕೊಟ್ಟು ತುಂಬಿಸಿಕೊಂಡದ್ದು ಇನ್ನೊಂದು ಕೋನದಲ್ಲಿ ರೆಕಾರ್ಡ್ ಆಗಿರುತ್ತದೆ. ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳುತ್ತ ಹೆಡ್ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ‘ಸ’, ‘ಶ’ ಎಲ್ಲಿ ಅತಿ ಚೊಕ್ಕಟವಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಬೇಕು. ಅರ್ಧ ಸುತ್ತಿಗಿಂತ ಹೆಚ್ಚು ಬೇಕಾಯಿತು ಎಂದರೆ ತೊಂದರೆ ಹೆಡ್‌ನದಲ್ಲ, ಕ್ಯಾಸೆಟ್ ಒಳಗೆ ಟೇಪನ್ನು ಹೆಡ್‌ಗೆ ಒತ್ತುವ ಪ್ರೆಶರ್ ಪ್ಯಾಡ್ ಉದುರಿರಬಹುದು. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್‌ನ ಡಬ್ಬಿಗೆ ರೀಲ್ ವರ್ಗಾಯಿಸುವುದೇ ಸುಲಭ. ಸ್ಕ್ರೂ ಇಲ್ಲದೆ ಬೆಸೆದ ಅಗ್ಗದ ಡಬ್ಬಿಯನ್ನು ಅಂಚಿನಲ್ಲಿ ಬ್ಲೇಡ್ ಹಾಕಿ ಸೀಳಬೇಕು, ಬ್ಲೇಡ್ ಒಳಗೆ ಇಳಿಯದಂತೆ.

ದನಿಯನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವುದು ಹೀಗೆ: ಡೆಕ್‌ನ ಲೈನ್ ಔಟ್‌ನಿಂದ ಯುಎಸ್‌ಬಿ ಇಂಟರ್‌ಫೇಸ್‌ಗೆ, 24 ಬಿಟ್, 48 ಕಿಲೊಹರ್ಟ್ಸ್, ಅತಿ ಜೋರಿನ ಜಾಗ -6 ಡೆಸಿಬೆಲ್ ದಾಟದಂತೆ. ಗಂಟೆಗೆ ಸುಮಾರು 1 ಜಿಬಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಿಟ್ಟರೆ 50 ಹರ್ಟ್ಸ್‌ನ ಗುಂಯ್ ಬಹುಪಾಲು ಹೋಗುತ್ತದೆ. ಕರೆಂಟ್ ಹೋಗಿ ಅಗ್ಗದ ಇನ್ವರ್ಟರ್ ಮೇಲೆ ಓಡಿಸಿದರೆ ಅದು ಹತ್ತು ಪಟ್ಟಾಗಿ ಮರಳುತ್ತದೆ. ಅಂಥ ಹೊತ್ತಿನಲ್ಲಿ ರೆಕಾರ್ಡಿಂಗ್ ಬೇಡ. ನಾಯ್ಸ್ ರಿಡಕ್ಷನ್ ಮೂಲ ಫೈಲಿಗೆ ಹಾಕುವಂತಿಲ್ಲ.

ವಿಎಚ್‌ಎಸ್

ಟಿವಿ ವಿಷಯದಲ್ಲಿ ಈ ಜಿಲ್ಲೆ ಬೆಂಗಳೂರಿಗಿಂತ ಮುಂದೆ. 1975–76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಅಂದಿನ ಗುಲಬರ್ಗಾ ಇತ್ತು, 1977ರಲ್ಲಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಮುಖ್ಯ ತಲೆನೋವು ಜನ ರೆಕಾರ್ಡ್ ಮಾಡಿದ ರೀತಿ. ಹಾಡು ಬೇಕಿತ್ತು, ಮಾತು ಬೇಡವಾಗಿತ್ತು. ನಿರೂಪಕ ಬಾಯಿ ತೆರೆದಾಗ ‘ಪಾಸ್’ ಗುಂಡಿ ಒತ್ತಿ ರೆಕಾರ್ಡಿಂಗ್ ತಡೆ, ಹಾಡು ಬರುವಾಗ ಮತ್ತೆ ರೆಕಾರ್ಡ್: 180 ನಿಮಿಷದ ಟೇಪಿನಲ್ಲಿ ಜಾಗ ಉಳಿಸುವ ಲೆಕ್ಕ. ಹೀಗಾಗಿ ಉಳಿದಿರುವುದು ಹಾಡಿನ ಮುಂಚಿನ ಒಂದೆರಡು ಸೆಕೆಂಡಿನ ಮಾತು, ಕೈಬೀಸು. ಹಾಡಿನ ನಂತರದ ಮಾತು ಅದಕ್ಕಿಂತಲೂ ಕಡಿಮೆ, ಏಕೆಂದರೆ ಪಾಸ್ ಬಿಟ್ಟು ಮುಂದುವರಿಸುವಾಗ ವಿಸಿಆರ್ ಟೇಪನ್ನು ತುಸು ಹಿಂದೆಳೆದು ಅದರ ಮೇಲೆಯೇ ಬರೆಯುತ್ತದೆ.

ಆ ಕೂಡುಜಾಗದಲ್ಲೇ ಸಿಂಕ್ (ಚಿತ್ರ, ದನಿಯ ಹೊಂದಾಣಿಕೆ) ತಪ್ಪುವುದು. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ (ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ) ಅಲ್ಲಿ ಫ್ರೇಮ್ ನುಂಗುತ್ತದೆ, ದನಿ ಚಿತ್ರದೊಂದಿಗೆ ಹೊಂದುವುದಿಲ್ಲ, ಚಿತ್ರದ ನೆತ್ತಿ ಪಕ್ಕಕ್ಕೆ ಬಾಗುತ್ತದೆ. ಅಂದರೆ ಬೇಡದ ಹಾಡೆಲ್ಲ ಚೆನ್ನಾಗಿ ಬಂದು ಬೇಕಾದ ಎರಡು ಸೆಕೆಂಡ್ ಮಾಯ! ವಿಸಿಆರ್ ಮತ್ತು ಸ್ಟಿಕ್ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಸಿಗ್ನಲ್ ಹಾಯಿಸಿದರೆ ಬಾಗು ನಿಲ್ಲುತ್ತದೆ, ನುಂಗುವುದೂ ತಗ್ಗುತ್ತದೆ. ಎಲ್ಲ ಡಿವಿಡಿ ರೆಕಾರ್ಡರ್‌ಗಳಿಗೂ ಈ ಗುಣ ಇಲ್ಲ, ಕೊಳ್ಳುವ ಮುಂಚೆ ಹಾಳಾದ ಟೇಪನ್ನೇ ಹಾಕಿ ನೋಡಬೇಕು.

ಸೆಟ್ಟಿಂಗ್: ಪಾಲ್ (ಭಾರತದ ಹಳೆಯ ಟಿವಿ ಮಾದರಿ), 720×576, 25 ಫ್ರೇಮ್, ಇಂಟರ್‌ಲೇಸ್ (ಒಂದು ಫ್ರೇಮ್ ಎರಡು ಅರ್ಧಗಳಾಗಿ ಬರುವುದು) ಹಾಗೇ ಇರಲಿ, ಹಫ್‌ವೈಯುವಿ ಕೊಡೆಕ್ (ಗುಣ ಕೆಡಿಸದೆ ಕುಗ್ಗಿಸುವ ತಂತ್ರ). ಗಂಟೆಗೆ ಸುಮಾರು 30 ಜಿಬಿ. ನೋಡುವ ಪ್ರತಿಯನ್ನು ಮಾತ್ರ ಡಿಇಂಟರ್‌ಲೇಸ್ ಮಾಡಿ 50 ಫ್ರೇಮ್‌ಗೆ ಏರಿಸುವುದು. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಸಲು, ವಿಸಿಆರ್‌ಗೆ ಹಾಕುವಂತೆಯೇ ಇಲ್ಲ. ಹೆಡ್‌ಗೆ ಹತ್ತಿ ಮುಂದಿನ ಟೇಪಿಗೂ ಅಂಟುತ್ತದೆ.

ತಾರೀಕು ಹಾಕುವುದು

ಟೇಪಿನ ಬೆನ್ನಿನ ಮೇಲೆ ಪೆನ್ನಿನಲ್ಲಿ ಬರೆದ ವರ್ಷವನ್ನು ನಂಬುವಂತಿಲ್ಲ, ಅದೇ ಟೇಪ್ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಆಗಿರುತ್ತದೆ. ಕ್ಯಾಸೆಟ್ ಕಾರ್ಡಿನ ವರ್ಷ ಆಲ್ಬಮ್‌ನದು, ಮರುಮುದ್ರಣದ್ದಲ್ಲ. ಅಂಗಡಿ ಚೀಟಿಯ ಮೇಲಿನ ‘ಗುಲಬರ್ಗಾ’ದಿಂದಲೂ ಲಾಭವಿಲ್ಲ, ಹೆಸರು ಬದಲಾದದ್ದು 2014ರಲ್ಲಿ. ಗಟ್ಟಿ ಸುಳಿವು ಹಾಡುಗಳ ನಡುವೆ ಉಳಿದ ಜಾಹೀರಾತು ಮತ್ತು ಹಾಡಿನ ಸಿನಿಮಾ: ಬಿಡುಗಡೆಗೆ ಕಾದಿರುವ ಸಿನಿಮಾದ ಟ್ರೇಲರ್ ಬಂದರೆ ರೆಕಾರ್ಡಿಂಗ್ ಆ ಬಿಡುಗಡೆಗಿಂತ ಮುಂಚಿನದು ಎಂದೇ ಲೆಕ್ಕ.

ಹೋಲಿಕೆಗೆ ಇನ್ನಿಬ್ಬರು ಗಾಯಕರ ಕಡತಗಳೂ ತೆರೆದಿವೆ. ಅಲೀಶಾ ಚಿನಾಯ್: 1995ರ ಆಲ್ಬಮ್, 2007ರಲ್ಲಿ ಇಂಡಿಯನ್ ಐಡಲ್ ತೀರ್ಪುಗಾರ್ತಿ. ಚಂದನ್ ಶೆಟ್ಟಿ: ಕನ್ನಡ ರ‍್ಯಾಪ್, 2018ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಐದನೇ ಸೀಸನ್ ಗೆಲುವು. ಚಂದನ್ ಕಡತಕ್ಕೆ ಟೇಪಿನ ರಗಳೆಯೇ ಇಲ್ಲ, ಎಲ್ಲ ಡಿಜಿಟಲ್, ಅದು ಕೊನೆಗೆ.

ಫೈಲ್ ಹೆಸರಿನ ಕ್ರಮ: ವರ್ಷ, ವಾಹಿನಿ, ಟೇಪ್ ಸಂಖ್ಯೆ, ಕೂಡುಜಾಗದ ಸಮಯ. ವರ್ಷ ಖಚಿತವಿಲ್ಲದಿದ್ದರೆ 199x. ಹಾಡುಗಳನ್ನು ಬೇರೆ ತುಂಡು ಮಾಡುತ್ತಿಲ್ಲ, ಕೂಡುಜಾಗದ ಹಿಂದೆ ಮುಂದೆ ಹತ್ತು ಸೆಕೆಂಡ್ ಮಾತ್ರ ಕತ್ತರಿಸಿ ಪ್ರತ್ಯೇಕ ಫೋಲ್ಡರಿಗೆ ಹಾಕಲಾಗುತ್ತಿದೆ.