ಹೊಳೆಬದಿ ಅಕ್ಕನ 23 ಅಡಿಕೆ

"ತಮ್ಮಾ, ನಿನ್ನ ಫೋನು 22 ಅಂತದೆ. ನನ್ನ ಹತ್ರ 23 ಉಂಟು."

ಹೊಳೆಬದಿ ಅಕ್ಕ ಸೆರಗಿನ ಗಂಟು ಬಿಚ್ಚಿ ಜಗಲಿಯ ಮೇಲೆ ಅಡಿಕೆ ಹರಡಿದಳು. ಒಂದು ಡಬ್ಬ ಸುಲಿದು ಸುರಿದಾಗೆಲ್ಲ ಒಂದು ಅಡಿಕೆ ಗಂಟಿಗೆ ಹಾಕಿಕೊಳ್ಳುವುದು ಅವಳ ಲೆಕ್ಕ. ಐದೈದರಂತೆ ಜೋಡಿಸಿದಳು. ನಾಲ್ಕು ಸಾಲು ತುಂಬಿ ಮೂರು ಉಳಿದವು.

ಡಿಸೆಂಬರಿನ ಭಾನುವಾರ, ಸಂಜೆ ಬಟವಾಡೆಯ ಹೊತ್ತು. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಕಡೆಯ ನಮ್ಮೂರಲ್ಲಿ ಆ ತಿಂಗಳು ಯಾವ ಮನೆಯಲ್ಲಿ ನೋಡಿದರೂ ಸುಲಿತವೇ. ರಾತ್ರಿ ಊಟದ ನಂತರ ಮೆಟ್ಟುಗತ್ತಿ ಹಿಡಿದು ಕೂತವರು ಹನ್ನೊಂದರವರೆಗೆ ಏಳುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಬಂದು ಒಂದೆರಡು ಡಬ್ಬ ಮುಗಿಸಿ ತಮ್ಮ ಮನೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಕೂಲಿ ಡಬ್ಬದ ಲೆಕ್ಕದಲ್ಲಿ. ಮೊದಲೆಲ್ಲ ಅಮ್ಮ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಒಂಬತ್ತು ವರ್ಷದಿಂದ ಬೆಂಗಳೂರಿನ ಕಂಪನಿಗೆ ವೆಬ್ ಅಪ್ಲಿಕೇಶನ್ ಬರೆಯುತ್ತಿರುವ ನಾನು, ಮನೆಯಿಂದಲೇ ಕೆಲಸ ಮಾಡುತ್ತಾ, ಆ ವರ್ಷ ಅಮ್ಮನಿಗಾಗಿ ಒಂದು ಪುಟ ಮಾಡಿಕೊಟ್ಟಿದ್ದೆ. ಹೆಸರು ಆರಿಸುವುದು, ಡಬ್ಬ ಎಷ್ಟೆಂದು ಹಾಕುವುದು, 'ಸೇರಿಸು' ಒತ್ತುವುದು, ಅಷ್ಟೇ.

"ಒಂದು ಡಬ್ಬಕ್ಕೆ ಎಂತ ಚರ್ಚೆ, ಕೊಟ್ಟುಬಿಡು" ಅಂದರು ಅಪ್ಪಯ್ಯ. ದುಡ್ಡು ಕೊಡುವುದು ದೊಡ್ಡದಲ್ಲ. ಆದರೆ ಲೆಕ್ಕ ಒಂದು ತಪ್ಪಿದ್ದರೆ ಅದಕ್ಕೆ ಕಾರಣ ಇರಲೇಬೇಕು, ಮತ್ತು ಆ ಕಾರಣ ಅಕ್ಕನೊಬ್ಬಳ ಲೆಕ್ಕದಲ್ಲಿ ಮಾತ್ರ ಕೂತಿರುವುದಿಲ್ಲ. ಅವಳಿಗೆ ಟೀ ಕೊಡಲು ಹೇಳಿ ಲ್ಯಾಪ್‌ಟಾಪ್ ತೆರೆದೆ.

ಡೇಟಾಬೇಸಿನಲ್ಲಿ 'ಹೊಳೆಬದಿ' ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಪರದೆಯ ಮೇಲೆ ಹೆಸರು ಕಾಣುತ್ತಿದೆ, ಹುಡುಕಿದರೆ ಇಲ್ಲ! ಎರಡರ ಉದ್ದ ಅಳೆದು ನೋಡಿದ ಮೇಲೆ ಗೊತ್ತಾಯಿತು: ನಾನು ಟೈಪ್ ಮಾಡಿದ್ದರಲ್ಲಿ 7 ಸಂಕೇತ, ಪಟ್ಟಿಯಲ್ಲಿದ್ದುದರಲ್ಲಿ 8. ಕೆಲಸದವರ ಪಟ್ಟಿ ಅಪ್ಪಯ್ಯನ ಹಳೆಯ 'ನುಡಿ' ತಂತ್ರಾಂಶದ ಕಡತದಿಂದ ಬಂದದ್ದು. ಅದನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತಕ್ಕೆ, ತರಲು ನಾನೇ ಬರೆದ ಸ್ಕ್ರಿಪ್ಟು 'ಹೊ'ದ ಸ್ವರಚಿಹ್ನೆಯನ್ನು ಒಂದಾಗಿ ಬರೆಯದೆ, ಎತ್ವ ಬೇರೆ, ಊಕಾರದ ಕೊಂಬು ಬೇರೆ ಎಂದು ಎರಡಾಗಿ ಬರೆದಿತ್ತು. ಯೂನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಸಮಾನ. ಕಣ್ಣಿಗೂ ಒಂದೇ. ಆದರೆ ನನ್ನ ಡೇಟಾಬೇಸು ಎಸ್‌ಕ್ಯೂಲೈಟ್ ಹೋಲಿಸುವುದು ಕಾಣುವ ರೂಪವನ್ನಲ್ಲ, ಒಳಗಿನ ಬೈಟುಗಳನ್ನು. ಕನ್ನಡದ ಪಠ್ಯ ಎಲ್ಲಿಂದಲೇ ಬರಲಿ, ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯುವ ರೂಪಕ್ಕೆ, ತರಬೇಕು. ನಾನು ಪುಟ ಬರೆದ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೆ 'ನಾರ್ಮಲೈಸ್' ಎಂಬ ಒಂದೇ ಕರೆ ಸಾಕು. ಇದು ನನಗೆ ತಿಳಿಯದ ವಿಷಯವೇನಲ್ಲ. ಇಂಗ್ಲಿಷ್ ಹೆಸರುಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಬೇಕೆನಿಸಿರಲಿಲ್ಲ, ಅಷ್ಟೇ. ನಮ್ಮ ಭಾಷೆಯ ಅಪ್ಲಿಕೇಶನ್ ಬರೆಯುವವರು ಇದನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಬೇಕು. ಉದ್ದದ ಮಿತಿ ಹಾಕುವಾಗಲೂ ಅಷ್ಟೇ: 'ತೀರ್ಥಹಳ್ಳಿ' ಓದುವವರಿಗೆ ನಾಲ್ಕಕ್ಷರ, ಜಾವಾಸ್ಕ್ರಿಪ್ಟಿನ ಎಣಿಕೆಗೆ 10, ಕಂಪ್ಯೂಟರು ಉಳಿಸಿಕೊಳ್ಳುವ ಯುಟಿಎಫ್-8 ರೂಪದಲ್ಲಿ 30 ಬೈಟು.

ಹೆಸರು ಸಿಕ್ಕಿತು, ಸಾಲುಗಳು ಬಂದವು. ಗುರುವಾರ ರಾತ್ರಿಯ ಎರಡು ಸಾಲುಗಳ ನಡುವೆ ಇದ್ದದ್ದು 8 ಸೆಕೆಂಡು.

ಆ 8 ನನ್ನದೇ ಅಂಕೆ. ನಮ್ಮ ಜಗಲಿಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಪುಣ್ಯ. ಅದಕ್ಕೇ 8 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಕೋರಿಕೆಯನ್ನು ಕೈಬಿಟ್ಟು ಮತ್ತೆ ಕಳಿಸುವಂತೆ ಬರೆದಿದ್ದೆ. ಗುಂಡಿಯನ್ನು ಎರಡು ಸಲ ಒತ್ತಲು ಬಾರದಂತೆಯೂ ಮಾಡಿದ್ದೆ. ಆದರೆ ಅಮ್ಮ ಎರಡು ಸಲ ಒತ್ತಿರಲೇ ಇಲ್ಲ. ಮೊದಲ ಕೋರಿಕೆ ಸರ್ವರನ್ನು ಮುಟ್ಟಿತ್ತು, ಡಬ್ಬ ದಾಖಲಾಗಿತ್ತು. ಸರ್ವರ್ ಕೊಟ್ಟ ಉತ್ತರ ಮಾತ್ರ ವಾಪಸು ಬರುವ ದಾರಿಯಲ್ಲಿ ಕಳೆದುಹೋಗಿತ್ತು. ನಾವು ಇತ್ತ ಕಾಯುವುದನ್ನು ಬಿಟ್ಟರೆ ಅತ್ತ ಆದ ಕೆಲಸ ರದ್ದಾಗುವುದಿಲ್ಲ. 'ಉತ್ತರ ಬರಲಿಲ್ಲ' ಎನ್ನುವುದನ್ನು 'ಕೆಲಸ ಆಗಲಿಲ್ಲ' ಎಂದು ಓದಿಕೊಂಡದ್ದು ನನ್ನ ತಪ್ಪು. ವೆಬ್ಬಿನಲ್ಲಿ ಕೋರಿಕೆ, ಉತ್ತರಗಳು ಸಾಗುವ ನಿಯಮವಾದ ಎಚ್‌ಟಿಟಿಪಿಯ ಮಾನದಂಡ, 2022ರ ಆರ್‌ಎಫ್‌ಸಿ 9110ರಲ್ಲಿ ಇದರ ವಿವರ ಇದೆ: ಓದುವ ಗೆಟ್, ಇಡುವ ಪುಟ್, ಅಳಿಸುವ ಡಿಲೀಟ್ ಕೋರಿಕೆಗಳನ್ನು ಎಷ್ಟು ಸಲ ಕಳಿಸಿದರೂ ಉದ್ದೇಶಿತ ಪರಿಣಾಮ ಒಂದೇ, ಹೊಸತನ್ನು ಸೇರಿಸಲು ಬಳಸುವ ಪೋಸ್ಟ್ ಹಾಗಲ್ಲ. ನಾನು ಕಣ್ಣುಮುಚ್ಚಿ ಮತ್ತೆ ಮತ್ತೆ ಕಳಿಸುತ್ತಿದ್ದದ್ದು ಪೋಸ್ಟನ್ನೇ.

ಒಂದೇ ಹೆಸರು, ಒಂದೇ ನಿಮಿಷ ಇದ್ದರೆ ಎರಡನೆಯದನ್ನು ಬಿಟ್ಟುಬಿಡು ಎಂಬ ಉಪಾಯ ಥಟ್ಟನೆ ಹೊಳೆಯುತ್ತದೆ. ಅದು ಬೇಡ. ಅಕ್ಕನೂ ಅವಳ ಮಗಳೂ ಒಟ್ಟಿಗೆ ಎದ್ದು ಎರಡು ಡಬ್ಬ ಸುರಿದು ಎರಡನ್ನೂ ಅಕ್ಕನ ಹೆಸರಿಗೆ ಬರೆಸುವುದುಂಟು. ಊಹೆಯ ಮೇಲೆ ಒಬ್ಬರ ದುಡಿಮೆಯನ್ನು ಅಳಿಸುವ ಕೋಡ್ ಬರೆಯಲು ನನಗೆ ಮನಸ್ಸಿಲ್ಲ. ಖಾತ್ರಿಯ ದಾರಿ ಬೇರೆ. ಅಮ್ಮ ಹೊಸ ನಮೂದು ತೆರೆದ ಕ್ಷಣದಲ್ಲೇ ಫೋನು ಆ ನಮೂದಿಗೆ ಒಂದು ಗುರುತು ಹುಟ್ಟಿಸಬೇಕು, ಇನ್ನೊಂದಕ್ಕೆ ಹೊಂದದಂಥ ಯುಯುಐಡಿ ಎಂಬ ಉದ್ದ ಸಂಖ್ಯೆ ಸಾಕು. ಕೋರಿಕೆ ಎಷ್ಟು ಸಲ ಹೋದರೂ ಅದೇ ಗುರುತು ಹೋಗಬೇಕು. ಡೇಟಾಬೇಸಿನಲ್ಲಿ ಆ ಕಾಲಂಗೆ, ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ಯುನೀಕ್ ಇಂಡೆಕ್ಸ್ ಇರಬೇಕು. ಅದೇ ಗುರುತು ಮತ್ತೆ ಬಂದರೆ ಸರ್ವರ್ ತಪ್ಪೆಂದು ಗದರದೆ ಮೊದಲ ಸಲ ಕೊಟ್ಟ ಉತ್ತರವನ್ನೇ ಕೊಡಬೇಕು. ಗುರುತನ್ನು ಕಳಿಸುವ ಫಂಕ್ಷನ್ನಿನೊಳಗೆ ಹುಟ್ಟಿಸಿದರೆ ಪ್ರತಿ ಸಲ ಹೊಸತು ಹುಟ್ಟುತ್ತದೆ, ಮಾಡಿದ್ದೆಲ್ಲ ವ್ಯರ್ಥ. ನಮೂದಿನ ಜೊತೆಗೆ ಅದನ್ನೂ ಫೋನಿನ ಬ್ರೌಸರಿನೊಳಗಿನ ಲೋಕಲ್ ಸ್ಟೋರೇಜಿನಲ್ಲಿ ಇಟ್ಟರೆ ಅಮ್ಮ ಪುಟವನ್ನು ರೀಲೋಡ್ ಮಾಡಿದರೂ ಉಳಿಯುತ್ತದೆ.

ಇಷ್ಟಾದರೂ ಲೆಕ್ಕ ಕೂಡಲಿಲ್ಲ. ಎರಡು ಸಲ ಬಿದ್ದ ಡಬ್ಬ ತೆಗೆದರೆ ಅಕ್ಕನ ಲೆಕ್ಕ 21ಕ್ಕೆ ಇಳಿಯುತ್ತದೆ, ಏರುವುದಿಲ್ಲ. ಹಾಗಾದರೆ ಎಲ್ಲೋ ಎರಡು ಡಬ್ಬ ಕಾಣೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಅರ್ಧ ಮುಚ್ಚಿ ಕೂತಿತ್ತು. ಅಪ್ಪಯ್ಯ ಹೇಳಿದಂತೆ ಒಂದು ಡಬ್ಬದ ದುಡ್ಡು ಕೊಟ್ಟು ಎದ್ದಿದ್ದರೆ ಎರಡೂ ಅಲ್ಲೇ ಉಳಿಯುತ್ತಿದ್ದವು.

"ಅಕ್ಕಾ, ಸೋಮವಾರ ಬೆಳಗಿನ ಜಾವ ಬಂದಿದ್ಯಾ?"

"ಬಂದಿದ್ನಲ್ಲ. ಎರಡು ಡಬ್ಬ ಮುಗಿಸಿ, ಬೆಳಕು ಹರಿಯೋ ಮೊದಲೇ ಹೋದೆ."

ಆ ಎರಡು ಡಬ್ಬ ಭಾನುವಾರದ ತಾರೀಖಿನಲ್ಲಿದ್ದವು. ದಿನಾಂಕಕ್ಕೆ ನಾನು ಜಾವಾಸ್ಕ್ರಿಪ್ಟಿನ ಟುಐಎಸ್‌ಒಸ್ಟ್ರಿಂಗ್ ಎಂಬ ಕರೆ ಕೊಡುವ ಸಾಲಿನ ಮೊದಲ 10 ಅಕ್ಷರ ಕತ್ತರಿಸಿಟ್ಟುಕೊಂಡಿದ್ದೆ. ಅದು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಬೆಳಗಿನ 5:30ರವರೆಗೆ ಅದರ ಪಾಲಿಗೆ ಇನ್ನೂ ನಿನ್ನೆಯೇ. ಅಮ್ಮ ಕೊಟ್ಟಿಗೆಗೆ ಹೋಗುವ ಮೊದಲು 5:10ಕ್ಕೆ ಬರೆದ ಡಬ್ಬಗಳು ಹಿಂದಿನ ದಿನಕ್ಕೆ ಸೇರಿದ್ದವು. ಬೇರೆ ದಿನಗಳಲ್ಲಾದರೆ ವಾರದ ಮೊತ್ತ ಕೆಡುವುದಿಲ್ಲ. ಸೋಮವಾರದ್ದು ಮಾತ್ರ ಆಗಲೇ ಬಟವಾಡೆ ಮುಗಿದ ವಾರಕ್ಕೆ ಬಿದ್ದು, ಯಾರ ಕೈಗೂ ಸಿಗದೆ ಹೋಗಿತ್ತು. ನಾನು ಪರೀಕ್ಷೆ ಮಾಡಿದ್ದೆಲ್ಲ ಹಗಲು ಹೊತ್ತಿನಲ್ಲಿ.

ಆ ಜಾವ ಬಂದವರು ಆರು ಮಂದಿ. ಉಳಿದ ಐವರ ಸೆರಗಿನಲ್ಲಿ, ಜೇಬಿನಲ್ಲಿ ಅಡಿಕೆ ಇರಲಿಲ್ಲ. ಫೋನು ಹೇಳಿದ್ದನ್ನು ನಂಬಿ, ದುಡ್ಡು ಎಣಿಸಿಕೊಂಡು ಮನೆಗೆ ಹೋಗಿದ್ದರು. ಅದನ್ನು ತಿಳಿದಾಗ ಹೊಟ್ಟೆಯೊಳಗೆ ಸಂಕಟವಾಯಿತು. ಹಿಂದಿನ ಸೋಮವಾರಗಳನ್ನೂ ತೆಗೆದು ನೋಡಿದೆ. ಮೂರು ವಾರ, ಇದೇ ಕತೆ.

ಪ್ರತಿ ಸಾಲಿನ ಜೊತೆ, ಅದು ದಾಖಲಾದ ಪೂರ್ತಿ ಸಮಯವನ್ನು ಬೇರೆ ಕಾಲಂನಲ್ಲಿ ಇಟ್ಟಿದ್ದೆ. ನಮ್ಮ ಮರ್ಯಾದೆ ಉಳಿಸಿದ್ದು ಅದು. ಆ ಸಮಯವನ್ನು 'ಏಷ್ಯಾ/ಕೋಲ್ಕತಾ' ವಲಯಕ್ಕೆ ತಿರುಗಿಸಿದರೆ ಎಲ್ಲ ಡಬ್ಬಗಳೂ ತಮ್ಮ ದಿನಕ್ಕೆ ಮರಳಿದವು. ಪ್ರತಿ ಟೇಬಲ್ಲಿಗೂ ಇಂಥದೊಂದು ಕಾಲಂ ಇರಲಿ, ಇವತ್ತು ಬೇಡವೆನಿಸಿದರೂ. ಘಟನೆಯ ಕ್ಷಣವನ್ನು ಯುಟಿಸಿಯಲ್ಲಿ ಇಡಿ. ಆದರೆ 'ಕೆಲಸದ ದಿನ' ಎನ್ನುವುದು ಇಲ್ಲಿನ ಜನರ ದಿನ, ಅದನ್ನು ಇಲ್ಲಿನ ಗಡಿಯಾರದಲ್ಲೇ ಲೆಕ್ಕಹಾಕಿ. 5:29ಕ್ಕೆ ಒಂದು, 5:30ಕ್ಕೆ ಒಂದು ಟೆಸ್ಟ್ ಬರೆದೆ. ಹಳೆಯ ಕೋಡಿನಲ್ಲಿ ಮೊದಲನೆಯದು ಸೋತಿತು.

ಎರಡು ಸಲ ಬಿದ್ದ ಸಾಲನ್ನು ಅಳಿಸಲು ಹೊರಟಾಗ ಅಮ್ಮನ ಹಳೆಯ ನೋಟ್‌ಬುಕ್ಕು ನೆನಪಾಯಿತು. ತಪ್ಪು ಬರೆದರೆ ಅಮ್ಮ ರಬ್ಬರಿನಿಂದ ಉಜ್ಜುತ್ತಿರಲಿಲ್ಲ. ಹಳೆಯ ಅಂಕೆ ಓದಲು ಬರುವಂತೆ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದಳು. ನಾನೂ ಹಾಗೇ ಮಾಡಿದೆ. ಸಾಲು ಅಲ್ಲೇ ಉಳಿಯಿತು. ಕೆಳಗೆ ಒಂದು ಡಬ್ಬ ಕಡಿತ, ಕಾರಣ ಸಮೇತ. ದುಡ್ಡಿನ ಲೆಕ್ಕ ಇರುವಲ್ಲಿ ಇದ್ದ ಸಾಲನ್ನು ತಿದ್ದುವ ಅಪ್‌ಡೇಟ್, ಅಳಿಸುವ ಡಿಲೀಟ್ ಎರಡನ್ನೂ ನಾನೀಗ ಬಳಸುವುದಿಲ್ಲ. ಕೂಲಿಯನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡುವ ಅಭ್ಯಾಸ ಮೊದಲೇ ಇತ್ತು. 0.1ಕ್ಕೆ 0.2 ಕೂಡಿಸಿದರೆ 0.30000000000000004 ಎನ್ನುವ ಜಾವಾಸ್ಕ್ರಿಪ್ಟಿನಂಥ ಭಾಷೆಯಲ್ಲಿ ರೂಪಾಯಿಯನ್ನು ದಶಮಾಂಶದಲ್ಲಿ ಇಡಬಾರದು.

ಹೊಸ ಕೋಡನ್ನು ಸರ್ವರಿಗೆ ಏರಿಸಲು ಟಾರ್ಚ್ ಹಿಡಿದು ತೋಟದ ತಲೆಯ ಗುಡ್ಡ ಹತ್ತಬೇಕಾಯಿತು. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಕೆಲಸ ಮುಗಿಸಿದವನು ಅಲ್ಲಿ ಪರೀಕ್ಷೆ ಮಾಡಲಿಲ್ಲ. ಇಳಿದು ಬಂದು, ಜಗಲಿಯಲ್ಲಿ ಅಮ್ಮ ಕೂರುವ ಮೂಲೆಯಲ್ಲೇ ಕೂತು, ಅಮ್ಮನ ಫೋನಿನಲ್ಲೇ ಒತ್ತಿದೆ. ಕಳಿಸುವ ನಡುವೆ ಏರೋಪ್ಲೇನ್ ಮೋಡ್ ಹಾಕಿದೆ, ತೆಗೆದೆ, ಪುಟ ರೀಲೋಡ್ ಮಾಡಿದೆ. ಏನು ಮಾಡಿದರೂ ಬಿದ್ದದ್ದು ಒಂದೇ ಸಾಲು. ಒಮ್ಮೆ ಅಮ್ಮನ ಕೀಬೋರ್ಡಿನಿಂದ ಕನ್ನಡದ '೨' ಬಂದು ಜಾವಾಸ್ಕ್ರಿಪ್ಟು ಅದು ಸಂಖ್ಯೆಯೇ ಅಲ್ಲ ಎಂದಿತು. ಪೈಥಾನ್ ಭಾಷೆ ಆಗಿದ್ದರೆ 2 ಎಂದು ಒಪ್ಪಿಕೊಳ್ಳುತ್ತಿತ್ತು. ಹತ್ತೂ ಅಂಕೆಗಳನ್ನು ಬದಲಿಸಿಕೊಳ್ಳುವ ಒಂದು ಸಾಲು ಸೇರಿಸಲು ಮತ್ತೊಮ್ಮೆ ಗುಡ್ಡ ಹತ್ತಿದೆ.

ಅಷ್ಟು ಹೊತ್ತಿಗೆ ಎಂಟೂವರೆ. ಅಕ್ಕನ ಬಾಕಿ ಕೈಗಿಟ್ಟೆ. ಹಿಂದಿನ ವಾರಗಳದ್ದೂ ಸೇರಿದೆ ಅಂದೆ. "ಅದು ನಂಗೇ ಗೊತ್ತಿರ್ಲಿಲ್ವಲ್ಲಾ" ಎಂದು ನೋಟುಗಳನ್ನು ಎರಡು ಸಲ ಎಣಿಸಿದಳು. ಉಳಿದ ಐದು ಮನೆಗಳಿಗೆ ಅಪ್ಪಯ್ಯನೂ ನಾನೂ ನಡೆದೇ ಹೋದೆವು. ಆಗಿದ್ದೇನೆಂದು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಅಪ್ಪಯ್ಯನೇ ಹೇಳಿದರು.

ಮರುದಿನ ಸೋಮವಾರ. ಐದು ಗಂಟೆಗೆ ಎದ್ದು ಜಗಲಿಗೆ ಬಂದೆ. ಹೊರಗೆ ಮಂಜು, ಬಲ್ಬಿನ ಕೆಳಗೆ ನಾಲ್ಕು ಜನ. ಹೊಳೆಬದಿ ಅಕ್ಕ ಡಬ್ಬ ಎತ್ತಿ ರಾಶಿಗೆ ಸುರಿದಳು. ಅಮ್ಮ 'ಸೇರಿಸು' ಒತ್ತಿದಳು. ಚಕ್ರ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಹೊಳೆಬದಿ, 1 ಡಬ್ಬ, ಸೋಮವಾರ, 5:12.

ಅಕ್ಕ ರಾಶಿಯಿಂದ ಒಂದು ಅಡಿಕೆ ಆರಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಅವಳ ಪಕ್ಕದಲ್ಲಿದ್ದವಳೂ ಒಂದು ತೆಗೆದುಕೊಂಡಳು.